ಇವರ ಪದ, ತಮ್ಮನ ರಾಗ

ಮಾರ್ಚ್ 4, ಮಂಗಳವಾರ

ಇಂದು ಹನ್ನೊಂದು ಜನರ ಕಿವಿ ಪರೀಕ್ಷೆ. ಒಬ್ಬ ಮುದುಕರಿಗೆ ಮಷಿನ್ ಹಾಕಿ ಕೂರಿಸಿದೆ. ಮೊದಲು ಕೇಳಿಸಿದ್ದು ಹೆಂಡತಿಯ ಬೈಗುಳ. "ತೆಗೆದುಬಿಡಿ ತಾಯಿ, ಮೊದ್ಲೇ ಚೆನ್ನಾಗಿತ್ತು" ಅಂದರು. ಸರದಿಯಲ್ಲಿ ಕೂತವರೆಲ್ಲ ನಕ್ಕರು.

ಕ್ಲಿನಿಕ್ ಮುಚ್ಚುವ ಹೊತ್ತಿಗೆ ತಮ್ಮ ಬಂದ. ಟೋಪಿ, ಕಪ್ಪು ಕನ್ನಡಕ. ಅವನ ಬ್ಯಾಂಡ್ ಹೆಸರು ಮಾಡಿದಾಗಿನಿಂದ ಬೀದಿಗಿಳಿಯಲು ಇದೇ ವೇಷ.

"ಅಕ್ಕ, ಒಂದ್ಸಲ ನೋಡು. ಯಾಕೋ ಎಲ್ರೂ ಬಾಯಲ್ಲಿ ಹತ್ತಿ ಇಟ್ಕೊಂಡು ಮಾತಾಡೋ ಹಾಗಿದೆ."

ಗಾಜಿನ ಕೋಣೆಯಲ್ಲಿ ಕೂರಿಸಿ ಹೆಡ್‌ಫೋನ್ ಹಾಕಿದೆ. ತಗ್ಗಿನ ದನಿಗಳು ಸರಿ. ಮೇಲಕ್ಕೆ ಹೋದಂತೆ ಗ್ರಾಫಿನ ಗೆರೆ ಮೆಟ್ಟಿಲಿನಿಂದ ಜಾರಿದ ಹಾಗೆ ಬಿತ್ತು. ಎರಡೂ ಕಿವಿ. ಆಮೇಲೆ ತುಟಿ ಕಾಣದಂತೆ ಬಾಯಿಗೆ ಕಾರ್ಡ್ ಅಡ್ಡ ಹಿಡಿದು ಪದಗಳನ್ನು ಓದಿದೆ. 'ಮರ' ಸರಿ. 'ಗೋಡೆ' ಸರಿ. 'ಸಾಲು' ಅಂದರೆ 'ಹಾಲು' ಅಂದ. 'ಸೋಲು' ಅಂದರೆ 'ಕೋಲು'. 'ಶಾಲೆ'ಗೆ ಸುಮ್ಮನೆ ನನ್ನ ಮುಖ ನೋಡಿದ. ಈ ತರಹದ ಕಿವುಡಿನಲ್ಲಿ ಸ, ಶ, ಚ — ಇವೇ ಮೊದಲು ಹೋಗುವುದು.

ಇಪ್ಪತ್ತೆರಡು ವರ್ಷ ಗಿಟಾರ್ ಹಿಡಿದು ಹಾಡುತ್ತಾ ಡ್ರಮ್ಸ್ ಪಕ್ಕದಲ್ಲಿ ನಿಂತಿದ್ದರ ಫಲ. ಹೋದದ್ದು ವಾಪಸ್ ಬರುವುದಿಲ್ಲ.

"ಮಷಿನ್ ಹಾಕೋಣ ಕಣೋ. ಸಣ್ಣದು, ಕಾಣೋದೂ ಇಲ್ಲ."

"ಹುಚ್ಚಾ ನಿಂಗೆ? ಕಿವಿಗೆ ಮಷಿನ್ ಹಾಕ್ಕೊಂಡೋನ ರಾಗ ಯಾರು ನಂಬ್ತಾರೆ? ಭಾವಂಗೂ ಹೇಳ್ಕೂಡ್ದು. ಅಮ್ಮನಾಣೆ ಮಾಡು."

ಮಾಡಿದೆ. ಆಣೆ ಬೇಕಿರಲಿಲ್ಲ, ಈ ಕೋಣೆಯಲ್ಲಿ ತಿಳಿದದ್ದನ್ನು ಹೊರಗೆ ಆಡುವಂತಿಲ್ಲ. ಆದರೆ ಅವನ ಭಾವ ಅಂದರೆ ನನ್ನ ಗಂಡ. ಅವನ ರಾಗಕ್ಕೆ ಪದ ಬರೆಯುವವರು.

ಮಾರ್ಚ್ 5, ಬುಧವಾರ

ತಿಂಡಿ ಹೊತ್ತಲ್ಲಿ ಇವರ ಮುಖ ನೋಡಲಾಗಲಿಲ್ಲ. "ಯಾಕೆ, ಹುಷಾರಿಲ್ವಾ?" ಅಂದರು. ತಲೆನೋವು ಅಂದೆ. ಮದುವೆಯಾಗಿ ಹತ್ತೊಂಬತ್ತು ವರ್ಷ — ಇಷ್ಟು ದೊಡ್ಡದನ್ನು ಮುಚ್ಚಿಟ್ಟದ್ದು ಇದೇ ಮೊದಲು.

ಇವರಿಗೆ ಒಂದು ಸಾಲಿಗೆ ನಾಲ್ಕು ದಿನ ಬೇಕು. ಬರೆಯುವುದು, ಹೊಡೆದುಹಾಕುವುದು, ಮತ್ತೆ ಅದೇ ಪದ ಬರೆಯುವುದು. ತಮ್ಮ ಹಲ್ಲುಜ್ಜುವಷ್ಟರಲ್ಲಿ ಮೂರು ರಾಗ ಕಟ್ಟುತ್ತಾನೆ, ಮುಖ ಒರೆಸಿಕೊಳ್ಳುವಷ್ಟರಲ್ಲಿ ಎರಡನ್ನು ಮರೆಯುತ್ತಾನೆ. ಕಾಗದ ನೋಡಿದರೆ ಅವನಿಗೆ ಏನೂ ಹೊಳೆಯದು. ಇವರು ಎದುರು ಕೂತು ಗಟ್ಟಿಯಾಗಿ ಹೇಳಬೇಕು. ಅವನು ಕಣ್ಣು ಮುಚ್ಚಿ ಕೇಳುತ್ತಾ ಗುನುಗಬೇಕು. ಮೊದಲ ಹಾಡಿನಿಂದ ಹಾಗೇ.

ಕಣ್ಣು ಮುಚ್ಚಿ ಕೇಳುತ್ತಾ...

ಮಾರ್ಚ್ 23, ಭಾನುವಾರ

ರೇಡಿಯೋದಲ್ಲಿ ಹೊಸ ಕಾರ್ಯಕ್ರಮ. ಬ್ಯಾಂಡಿನ ಗೆಲುವು ಯಾರದು — ಪದದವರದೋ, ರಾಗದವನದೋ? ನಾಲ್ಕು ಭಾನುವಾರ ಚರ್ಚೆ, ಕೊನೆಗೆ ಕೇಳುಗರ ವೋಟು. ಕಾರ್ಯಕ್ರಮ ನಡೆಸುವವಳು ಫೋನ್ ಮಾಡಿದ್ದಳು.

"ಮೇಡಂ, ಒಬ್ರಿಗೆ ಹೆಂಡ್ತಿ, ಇನ್ನೊಬ್ರಿಗೆ ಅಕ್ಕ. ನಿಮಗಿಂತ ಸರಿಯಾಗಿ ತೂಕ ಹಾಕೋರು ಯಾರಿದಾರೆ? ಹತ್ತು ನಿಮಿಷ ಬನ್ನಿ ಸಾಕು."

ಕುಕ್ಕರ್ ಕೂಗುತ್ತಿದೆ ಅಂತ ಇಟ್ಟುಬಿಟ್ಟೆ. ಒಲೆ ಹಚ್ಚಿಯೇ ಇರಲಿಲ್ಲ.

ಪ್ರಾಮಾಣಿಕವಾಗಿ ಬರೆಯುತ್ತೇನೆ, ಇಲ್ಲಿ ಯಾರೂ ಓದುವುದಿಲ್ಲವಲ್ಲ. ಬಸ್ಸಿನಲ್ಲಿ ಪಕ್ಕದ ಹೆಂಗಸು ಗುನುಗುವುದು ತಮ್ಮನ ರಾಗ, ಪದ ಅವಳಿಗೆ ಗೊತ್ತಿಲ್ಲ. ಆಸ್ಪತ್ರೆಯ ಹಿಂದಿನ ಗೋಡೆಯ ಮೇಲೆ ಯಾರೋ ಇದ್ದಿಲಲ್ಲಿ ಗೀಚಿದ್ದು ಇವರ ಸಾಲು, ಅಲ್ಲಿ ರಾಗವಿಲ್ಲ. ಖುಷಿಯಾದವರು ತಮ್ಮನನ್ನು ನೆನೆಯುತ್ತಾರೆ, ಪೆಟ್ಟು ತಿಂದವರು ಇವರನ್ನು. ಇದರಲ್ಲಿ ಯಾವುದು ಹೆಚ್ಚು? ನನ್ನ ಹತ್ತಿರ ಕಿವಿ ಅಳೆಯುವ ಯಂತ್ರ ಮಾತ್ರ ಇದೆ.

ಏಪ್ರಿಲ್ 6, ಭಾನುವಾರ

ಪತ್ರಿಕೆಯ ವಿಮರ್ಶಕ ಇವರ ಚರ್ಮ ಸುಲಿದಿದ್ದಾನೆ. ಕಳೆದ ಎರಡು ಆಲ್ಬಮ್‌ಗಳಲ್ಲಿ ಪದ ಬಡವಾಗಿದೆಯಂತೆ. 'ಒಂದೇ ಗೋಡೆ ನಮ್ಮ ನಡುವೆ, ಬಡಿದರೆ ನೀನು ಬರುವೆ' — ಮಗು ಬರೆದ ಹಾಗಿದೆಯಂತೆ. "ಪ್ರೇಮಗೀತೆಗಳಲ್ಲಿ ಕನಸಿಲ್ಲ, ಆಸೆಯಿಲ್ಲ, ಮನಸ್ಸೇ ಇಲ್ಲ. ಭಾವನ ಭಾರವನ್ನು ಭಾವಮೈದುನ ಎಷ್ಟು ದಿನ ಹೊರಬೇಕು?"

ಇವರು ಎರಡು ಸಲ ಓದಿದರು. ಮಡಿಸಿ ಕಪಾಟಿನ ಕೆಳಗೆ ಹಾಸಿದರು — ಅದು ಯಾವತ್ತಿನಿಂದಲೋ ಅಲುಗಾಡುತ್ತಿತ್ತು.

"ಒಂದು ಉಪಯೋಗಕ್ಕಾದ್ರೂ ಬಂತು" ಅಂದರು. ನಗಲಿಲ್ಲ.

ಏಪ್ರಿಲ್ 20, ಭಾನುವಾರ, ಮಧ್ಯಾಹ್ನ

ವೋಟಿನ ಫಲಿತಾಂಶ. ತಮ್ಮನೇ. ಅರ್ಧಕ್ಕರ್ಧವೂ ಅಲ್ಲ, ನಾಲ್ಕರಲ್ಲಿ ಮೂರು ಪಾಲು ಅವನಿಗೆ.

ಅವನು ಸ್ಟುಡಿಯೋದಲ್ಲೇ ಇದ್ದ. ಭಾವನ ಬಗ್ಗೆ ಹೇಳಿ ಅಂತ ಕಾರ್ಯಕ್ರಮದವಳು ಕೆದಕಿದಳು. ನಯವಾಗಿ ಏನಾದರೂ ಹೇಳಿ ಮುಗಿಸುತ್ತಾನೆ ಅಂದುಕೊಂಡೆ. ಅವನು ತಡೆದು ತಡೆದು ಹೇಳಿದ: "ನಿಜ ಹೇಳ್ಬೇಕಂದ್ರೆ... ಭಾವನ ಹತ್ರ ಪದ ಮುಗಿದಿದೆ. ಎರಡು ವರ್ಷದಿಂದ ನಾನೇ ಎಳೀತಾ ಇದೀನಿ. ಅವರು ಹೇಳೋದೂ ಈಚೆಗೆ ಗೊಣಗಿದ ಹಾಗೆ ಇರುತ್ತೆ, ಅವರಿಗೇ ನಂಬಿಕೆ ಇಲ್ದಿರೋ ಹಾಗೆ."

ಗೊಣಗಿದ ಹಾಗೆ! ನನಗೆ ರೇಡಿಯೋ ಎತ್ತಿ ಹಾಕಬೇಕೆನಿಸಿತು. ಇವರು ಕಿಟಕಿಯ ಹತ್ತಿರ ಉಗುರು ಕತ್ತರಿಸುತ್ತಾ ಕೂತಿದ್ದರು. ಕತ್ತರಿಸುತ್ತಲೇ ಇದ್ದರು. ಹತ್ತು ಬೆರಳು ಮುಗಿದ ಮೇಲೂ.

ಏಪ್ರಿಲ್ 21, ಸೋಮವಾರ

ರಜೆ ಹಾಕಿದೆ. ಇವರು ಹೊರಗೆ ಹೋದ ಮೇಲೆ ಆ ಎರಡು ಆಲ್ಬಮ್‌ಗಳ ನೋಟ್‌ಬುಕ್ ತೆಗೆದು ಕೂತೆ. ವಿಮರ್ಶಕ ಹೇಳಿದ್ದು ಸುಳ್ಳು ಅಂತ ನನಗೆ ನಾನೇ ತೋರಿಸಿಕೊಳ್ಳಬೇಕಿತ್ತು.

ಅವನು ಹೇಳಿದ್ದು ನಿಜ. ಕನಸಿಲ್ಲ. ಆಸೆಯಿಲ್ಲ. ಮನಸ್ಸಿಲ್ಲ. ಬರೆದಿದ್ದಾರೆ, ಹೊಡೆದುಹಾಕಿದ್ದಾರೆ. 'ಸಂಜೆ' ಹೊಡೆದು 'ಇರುಳು'. 'ಆಕಾಶ' ಹೊಡೆದು 'ಬಾನು'. 'ಚಂದಿರ' ಹೊಡೆದು, ಬೇರೇನೂ ಸಿಗದೆ, ಇಡೀ ಸಾಲನ್ನೇ ಬಿಟ್ಟಿದ್ದಾರೆ.

ಹತ್ತೊಂಬತ್ತು ಹಾಡು. ಕೆಂಪು ಪೆನ್ಸಿಲ್ ಹಿಡಿದು ಅಕ್ಷರ ಅಕ್ಷರ ಹುಡುಕಿದೆ. ಒಂದೇ ಒಂದು ಸ ಇಲ್ಲ. ಶ ಇಲ್ಲ. ಚ ಇಲ್ಲ. ಪೆನ್ಸಿಲಿಗೆ ಕೆಲಸವೇ ಸಿಗಲಿಲ್ಲ.

ನನ್ನ ಕೋಣೆಯ ಗ್ರಾಫ್ ಈ ಪುಸ್ತಕದಲ್ಲಿ ಎರಡು ವರ್ಷದ ಹಿಂದೆಯೇ ಬರೆದಿತ್ತು.

ಸಂಜೆ 6

ಇವರು ಬಂದಾಗ ನೋಟ್‌ಬುಕ್ ಮೇಜಿನ ಮೇಲೇ ಇತ್ತು. ಮುಚ್ಚಿಡಲಿಲ್ಲ. ನೋಡಿದರು. ಚಪ್ಪಲಿ ಬಿಟ್ಟು ಬಂದು ಕೂತರು.

"ನೀನೇನೂ ಹೇಳ್ಬೇಡ ಕಣೇ. ಹೌದೂ ಅನ್ಬೇಡ, ಇಲ್ಲಾನೂ ಅನ್ಬೇಡ. ಅವ್ನು ನಿನ್ನ ಕ್ಲಿನಿಕ್‌ಗೆ ಬಂದ್ನೋ ಇಲ್ವೋ ನಾನು ಕೇಳಲ್ಲ."

"ನಿಮಗೆ ಹೇಗೆ..."

"ಒಂದಿನ 'ಸೋಲು' ಅಂತ ಕೊಟ್ಟೆ. 'ಕೋಲು' ಅಂತ ಹಾಡ್ದ. ತಮಾಷೆ ಅಂದ್ಕೊಂಡೆ. ಕಣ್ಣು ಮುಚ್ಕೊಂಡು ಎಷ್ಟು ಖುಷಿಯಾಗಿ ಹಾಡ್ತಿದ್ದ ಗೊತ್ತಾ? ತಿದ್ದೋಕೆ ಬಾಯೇ ಬರ್ಲಿಲ್ಲ. ಮಾರನೇ ದಿನದಿಂದ ಅವ್ನಿಗೆ ಕೇಳ್ಸೋ ಪದ ಮಾತ್ರ ಕೊಟ್ಟೆ. ಅಷ್ಟೇ."

"ಊರೆಲ್ಲ ನಿಮ್ಮನ್ನ ಆಡ್ಕೊಳ್ತಾ ಇದೆಯಲ್ರೀ. ಅವನೇ ರೇಡಿಯೋದಲ್ಲಿ..."

"ಗೆದ್ದಿದಾನೆ, ಗೆಲ್ಲಲಿ ಬಿಡು. ಗೊತ್ತಾದ್ರೆ ಗಿಟಾರ್ ಕೆಳಗಿಡ್ತಾನೆ, ಮತ್ತೆ ಎತ್ತಲ್ಲ. ನಿನ್ನ ತಮ್ಮ ನಂಗಿಂತ ನಿಂಗೇ ಚೆನ್ನಾಗ್ ಗೊತ್ತು. ಹೇಳ್ಬೇಡ. ನನ್ನಾಣೆ."

ಎರಡನೇ ಆಣೆ. ಒಬ್ಬನಿಗೆ ಇನ್ನೊಬ್ಬರದು ಹೇಳುವಂತಿಲ್ಲ. ನನ್ನ ನಾಲಿಗೆಯನ್ನು ಇಬ್ಬರೂ ಎರಡು ಕಡೆಯಿಂದ ಕಟ್ಟಿ ನಿಶ್ಚಿಂತೆಯಾಗಿದ್ದಾರೆ.

ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು ಅತ್ತೆ.

ಜೂನ್ 9, ಸೋಮವಾರ

ಒಂದೂವರೆ ತಿಂಗಳಾಯಿತು ಇದನ್ನು ತೆರೆದು. ಬರೆಯಲು ಏನಿತ್ತು?

ಮೇ ಕೊನೆಯಲ್ಲಿ ತಮ್ಮ ಪತ್ರಿಕೆಯವರಿಗೆ ಹೇಳಿಬಿಟ್ಟ — ಮುಂದಿನ ಆಲ್ಬಮ್‌ಗೆ ಬೇರೆಯವರ ಪದ. ನಮಗೆ ಒಂದು ಫೋನ್ ಕೂಡ ಇಲ್ಲ. ಇವರು "ಒಳ್ಳೇದಾಯ್ತು" ಅಂದು ಗಿಡಗಳಿಗೆ ನೀರು ಹಾಕಲು ಹೋದರು. ಬೆಳಿಗ್ಗೆಯೇ ಹಾಕಿ ಆಗಿತ್ತು.

ಇಂದು ಡ್ರಮ್ಮರ್ ಫೋನ್ ಮಾಡಿದ್ದ. ಅವನನ್ನು ಎಲ್ಲರೂ ಗುಡುಗು ಅನ್ನುತ್ತಾರೆ; ಮಾತು ಮಾತ್ರ ಪಿಸುಗುಟ್ಟಿದ ಹಾಗೆ. "ಅಕ್ಕ, ರಿಹರ್ಸಲ್ ಹಳ್ಳ ಹಿಡಿದಿದೆ. ಮೂರು ಜನ ಬರೆಯೋರು ಬಂದ್ರು, ಮೂರು ಜನಾನೂ ಓಡಿಸ್ದ. ಸರಿಯಾಗಿ ಓದಲ್ಲ ಅಂತಾನೆ. ಮೈಕ್ ಸರಿಯಿಲ್ಲ ಅಂತಾನೆ. ಏನಾಗಿದೆ ಇವ್ನಿಗೆ?"

"ಗೊತ್ತಿಲ್ಲಪ್ಪ" ಅಂದೆ. ಸಲೀಸಾಗಿ ಬಂತು. ಸುಳ್ಳು ರೂಢಿಯಾಗಿದೆ.

ಜೂನ್ 15, ಭಾನುವಾರ, ಬೆಳಿಗ್ಗೆ 9

ಹತ್ತು ದಿನದಿಂದ ಇವರು ಬರೆಯುತ್ತಿದ್ದಾರೆ. ಒಂದು ಸಾಲಿಗೆ ನಾಲ್ಕು ದಿನವಲ್ಲ, ದಿನಕ್ಕೊಂದು ಹಾಡು. ಕಟ್ಟಿಹಾಕಿದ್ದನ್ನು ಬಿಚ್ಚಿದ ಹಾಗೆ. ಬಾಗಿಲು ಮುಚ್ಚಿಕೊಂಡು ಗಟ್ಟಿಯಾಗಿ ಓದಿಕೊಳ್ಳುತ್ತಾರೆ. 'ಸಂಜೆಯ ಸದ್ದಿಗೆ ಎಚ್ಚೆತ್ತ ಕನಸು ಚಪ್ಪಲಿ ಹುಡುಕುತ್ತಿದೆ.' ಬಟ್ಟೆ ಮಡಿಸುತ್ತಿದ್ದವಳು ಹಾಗೇ ನಿಂತೆ. ಇಷ್ಟು ಒಳ್ಳೆಯದನ್ನು ಇವರು ಯಾವತ್ತೂ ಬರೆದಿಲ್ಲ. ಇದನ್ನು ಎತ್ತಿಕೊಂಡು ಹಾಡಬಲ್ಲವನು ಒಬ್ಬನೇ.

ಬೆಳಿಗ್ಗೆ 11

ಬಂದಿದ್ದ. ತಾನಾಗಿಯೇ. ಟೋಪಿಯಿಲ್ಲ, ಕನ್ನಡಕವಿಲ್ಲ, ಗಡ್ಡ ಬೋಳಿಸಿಲ್ಲ.

"ನಂದೇ ತಪ್ಪು ಅಕ್ಕ. ಸೊಕ್ಕು. ಬೇರೆಯವರ ಪದಕ್ಕೆ ನಂಗೆ ರಾಗಾನೇ ಹುಟ್ತಿಲ್ಲ. ಭಾವನ ಹತ್ರ ಒಂದೇ ಒಂದು ಜೀವ ಇರೋ ಸಾಲು ಉಳಿದಿದ್ರೂ ಸಾಕು, ಕಾಲಿಗೆ ಬೀಳ್ತೀನಿ. ಒಳಗಿದಾರಾ?"

ಇದ್ದರು. ಮುಚ್ಚಿದ ಬಾಗಿಲ ಆಚೆ ಅದೇ ಹಾಡು ಓದುತ್ತಿದ್ದರು. ನನಗೆ ಒಂದೊಂದು ಅಕ್ಷರವೂ ಕೇಳುತ್ತಿತ್ತು. ತಮ್ಮ ಬಾಗಿಲ ಹತ್ತಿರ ಹೋಗಿ ಕಣ್ಣು ಮುಚ್ಚಿ ನಿಂತ. ಬಹಳ ಹೊತ್ತು.

ಕಣ್ಣು ಬಿಟ್ಟಾಗ ಒದ್ದೆಯಾಗಿತ್ತು.

"ಬರೀ ಗೊಣಗ್ತಾ ಇದಾರಲ್ಲ ಅಕ್ಕ... ಪದಾನೇ ಇಲ್ಲ. ನಿಜವಾಗ್ಲೂ ಮುಗಿದುಹೋಗಿದೆ. ನಾನು ಬಂದಿದ್ದೆ ಅಂತ ಹೇಳ್ಬೇಡ, ಪಾಪ."

ತೋಳು ಹಿಡಿದುಕೊಂಡೆ. ಬಾಯಿ ತೆರೆದೆ. ಒಂದು ಆಣೆ ಮುರಿದರೆ ಇನ್ನೊಂದೂ ಮುರಿಯುತ್ತದೆ. ಅವನು ನನ್ನ ತುಟಿಗಳನ್ನೇ ನೋಡುತ್ತಿದ್ದ. ಮೆಲ್ಲಗೆ ಕೈ ಬಿಡಿಸಿಕೊಂಡು ಹೋದ.

ಕಾರು ಇನ್ನೂ ಗೇಟಿನ ಹತ್ತಿರವೇ ಇದೆ. ಸ್ಟೀರಿಂಗ್ ಮೇಲೆ ತಲೆಯಿಟ್ಟು ಕೂತಿದ್ದಾನೆ, ಕಿಟಕಿಯಿಂದ ಕಾಣುತ್ತಿದೆ. ಓಡಿದರೆ ಇಪ್ಪತ್ತು ಹೆಜ್ಜೆ. ಒಳಗಿನಿಂದ ಇವರು ಕೂಗುತ್ತಿದ್ದಾರೆ — "ಏ, ಬಾ ಇಲ್ಲಿ, ಕೊನೇ ಸಾಲು ಸಿಕ್ತು! ಕೇಳಿಸ್ತೇನೇ?"

ಕಾರು ಸ್ಟಾರ್ಟ್ ಆಯಿತು. ನಾನು ಪೆನ್ನು ಬಿಟ್ಟು ಗೇಟಿನ ಕಡೆಗೆ —