ಗೊತ್ತಿದ್ದೂ ಕೈಯೆತ್ತದ ಮಕ್ಕಳು

೧೭ ಜುಲೈ ೨೦೦೫, ಭಾನುವಾರ. ಕೊವೆಂಟ್ರಿ, ಇಂಗ್ಲೆಂಡ್

ಊಟದ ಹೊತ್ತಿನ ಪ್ರಶ್ನೋತ್ತರ ಇಂದಿಲ್ಲ. ಮಗಳು ಯಾಮಿನಿ ನಿನ್ನೆ ಘಾನಾಕ್ಕೆ ಹೊರಟಳು. ಐದು ವಾರ, ಅಲ್ಲಿನ ಹಳ್ಳಿ ಶಾಲೆಯೊಂದರಲ್ಲಿ ವಾಲಂಟಿಯರ್. ಬಯಾಲಜಿ ಕೇಳಲು ಎದುರಿಗೆ ಯಾರೂ ಇಲ್ಲದೆ ಊಟ ಬೇಗ ಮುಗಿಯಿತು.

ಲೆಸ್ಟರಿನಿಂದ ಗೆಳೆಯ ಡಾಕ್ಟರ್ ಚಿದಾನಂದನ ಫೋನು. "ಅಷ್ಟು ದೂರ ಯಾಕೋ? ನಂಜನಗೂಡಲ್ಲಿ ಸ್ಕೂಲಿಲ್ವೇನೋ?"

"ಇಂಡಿಯಾ ಅಂತ ಬರೆದ್ರೆ ಅಜ್ಜಿ ಮನೇಲಿ ದೋಸೆ ತಿಂದು ಬಂದ್ಲು ಅನ್ಕೋತಾರೆ. ಮೆಡಿಕಲ್ ಸೀಟಿಗೆ ಅದು ಲೆಕ್ಕಕ್ಕಿಲ್ಲ."

ನಕ್ಕ. ಆದರೆ ತರ್ಕ ಸರಿಯಾಗಿದೆ. ಮಗ ಅನೀಶ್ ಮೆಡಿಸಿನ್ ಎರಡನೆಯ ವರ್ಷದಲ್ಲಿದ್ದಾಗ ಮಿದುಳಿನ ಸೋಂಕು ಮೆನಿಂಜೈಟಿಸ್‌ನಲ್ಲಿ ಹೋದ. ಅಣ್ಣ ಬಿಟ್ಟುಹೋದ ಓದನ್ನು ತಂಗಿ ಮುಗಿಸಬೇಕು. ಇದು ಭಾವುಕತೆಯಲ್ಲ, ನಿರ್ಧಾರ.

೨೭ ಜುಲೈ, ಬುಧವಾರ

ಫೋನು ಮಾಡಿದ್ದಳು. ದೇಹದ ಅಂಗಗಳ ಇಂಗ್ಲಿಷ್ ಹೆಸರು ಕಲಿಸುತ್ತಿದ್ದಾಳಂತೆ, ಹಾಡಿನ ಮೂಲಕ. ಒಂದೇ ಬೆಳಿಗ್ಗೆಯಲ್ಲಿ ಇಡೀ ತರಗತಿ ಕಲಿತುಬಿಟ್ಟಿತಂತೆ. ಧ್ವನಿಯಲ್ಲಿ ಹಿಗ್ಗು. ಮೆಡಿಸಿನ್ ಅರ್ಜಿಯಲ್ಲಿ ತನ್ನ ಬಗ್ಗೆ ತಾನೇ ಬರೆಯಬೇಕಾದ ಪರ್ಸನಲ್ ಸ್ಟೇಟ್‌ಮೆಂಟಿಗೆ ಇದು ಒಳ್ಳೆಯ ಆರಂಭ ಎಂದೆ. ಲೈನ್ ಕಟ್ಟಾಯಿತು.

೨೧ ಆಗಸ್ಟ್, ಭಾನುವಾರ

ಬಂದಿದ್ದಾಳೆ. ಕಪ್ಪಾಗಿದ್ದಾಳೆ, ಸೊರಗಿದ್ದಾಳೆ. ಹೆಂಡತಿ ನೀರಜಾ ಬಿಸಿಬೇಳೆಬಾತ್ ಮಾಡಿದ್ದಳು. "ಚೆನ್ನಾಗಿತ್ತು" ಎಂದಳು ಮಗಳು. ಘಾನಾ ಕುರಿತೋ, ಬಾತ್ ಕುರಿತೋ... ಕೇಳಲಿಲ್ಲ.

೧೧ ಸೆಪ್ಟೆಂಬರ್, ಭಾನುವಾರ, ಮಧ್ಯಾಹ್ನ

ಸ್ಟೇಟ್‌ಮೆಂಟ್ ಬರೆಸಲು ಕುಳಿತೆ. ಅಲ್ಲಿ ಏನು ಕಲಿತೆ, ಹೇಳು ಎಂದೆ. ಅವಳು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಆ ಮಕ್ಕಳಿಗೆ ಹಾಡು ಮೊದಲೇ ಗೊತ್ತಿತ್ತು, ಅಪ್ಪಾ. ಪ್ರತಿ ಬೇಸಗೆ ಲೀಡ್ಸ್‌ನಿಂದ, ಮ್ಯಾಂಚೆಸ್ಟರ್‌ನಿಂದ ಒಂದು ಗುಂಪು ಬರುತ್ತೆ. ಎಲ್ಲರೂ ಅದೇ ಹಾಡು ಕಲಿಸ್ತಾರೆ. ಒಂದು ದಿನ ನಾನೇ ಸಾಲು ಮರೆತೆ. ಅಬೀನಾ ಅಂತ ಪುಟ್ಟ ಹುಡುಗಿ, ಮೆಲ್ಲಗೆ ಹೇಳಿಕೊಟ್ಟಳು. ಆಮೇಲೆ ಗುಟ್ಟು ಬಿಟ್ಟುಕೊಟ್ಟವಳ ಹಾಗೆ ಕೈಯಿಂದ ಬಾಯಿ ಮುಚ್ಚಿಕೊಂಡಳು. ಯಾರು ಮೊಣಕೈಗೆ ಮೊಣಕಾಲು ಅಂತ ತಪ್ಪು ಹೇಳಬೇಕು ಅನ್ನೋದಕ್ಕೆ ಅವರವರಲ್ಲೇ ಸರದಿ ಇತ್ತು. ಬಂದವರಿಗೆ ಬೇಜಾರಾಗಬಾರದಲ್ಲ."

"ಸರಿ. ವಿನಯ ಕಲಿತೆ ಅಂತ ಬರಿ."

"ಅವರಿಂದ ನಾನೇನೂ ಕಲೀಲಿಲ್ಲ. ನನಗೆ ಅದು ಮೊದಲೇ ಬರ್ತಿತ್ತು. ಊಟದ ಹೊತ್ತಿಗೆ ನೀವು ಕೇಳ್ತೀರಲ್ಲ, ದಿನಾ ಎರಡು ಉತ್ತರ ಬೇಕಂತಲೇ ತಪ್ಪು ಹೇಳ್ತೀನಿ. ಅಣ್ಣ ಹೋದಮೇಲೆ, ವಿವರಿಸ್ತಾ ಇರೋವಾಗ ಮಾತ್ರ ನೀವು ಸ್ವಲ್ಪ ಸರಿಯಾಗಿರ್ತೀರ."

ನೀರಜಾಳ ಕೈಯ ಸೌಟು ನಿಂತಿತು.

೧೨ ಸೆಪ್ಟೆಂಬರ್, ಸೋಮವಾರ, ಬೆಳಿಗ್ಗೆ ೮

ಕಾಲೇಜಿನ ಡಿಬೇಟುಗಳಲ್ಲಿ ನನ್ನ ಎದುರು ನಿಂತು ಗೆದ್ದವರು ವಿರಳ. ನಿನ್ನೆ ಮಗಳ ಎದುರು ಪೆನ್ನು ಮುಚ್ಚಿಟ್ಟು ಎದ್ದುಬಿಟ್ಟೆ. ಹೃದಯದ ಕವಾಟಗಳನ್ನು ಅವಳಿಗೆ ಎಷ್ಟು ಸಲ ವಿವರಿಸಿಲ್ಲ... ಕಾಗದದ ಮೇಲೆ ಬಿಡಿಸಿ. ತಲೆಯಾಡಿಸುತ್ತಿದ್ದಳು, ಈಗಷ್ಟೇ ತಿಳಿಯಿತೆಂಬಂತೆ.

ನೀರಜಾಳನ್ನು ಕೇಳಿದೆ. "ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು ರೀ. ಸಾರಿಗೆ ಉಪ್ಪು ಸಾಕಾ ಅಂತ ನಾನೂ ದಿನಾ ನಿಮ್ಮನ್ನೇ ಕೇಳ್ತೀನಲ್ಲ."

ನನ್ನ ಕ್ಲಿನಿಕ್ಕಿಗೆ ತಡವಾಯಿತು.

೯ ಅಕ್ಟೋಬರ್, ಭಾನುವಾರ

ಪ್ರಶ್ನೆ ಕೇಳುವುದನ್ನು ನಿಲ್ಲಿಸಿದ್ದೇನೆ. ಮೆಡಿಸಿನ್ ಅರ್ಜಿಗೆ ಶನಿವಾರ ಕೊನೆ. ಯಾಮಿನಿ ಎಲ್ಲವನ್ನೂ ತುಂಬಿಟ್ಟಿದ್ದಾಳೆ, ನಾನು ಹೇಳಿಕೊಟ್ಟಂತೆಯೇ, ವಿನಯದ ವಾಕ್ಯವೂ ಸೇರಿ. "ನೀವು ಹೂಂ ಅಂದ್ರೆ ಕಳಿಸ್ತೀನಿ" ಎಂದಳು. ಹೂಂ ಎನ್ನುವುದು ಎಷ್ಟರ ಮಾತು? ಎದ್ದು ಹಿತ್ತಲಿಗೆ ಹೋದೆ, ಮತ್ತೆ ಒಳಗೆ ಬಂದೆ, ಮತ್ತೆ ಹೋದೆ.

೧೪ ಅಕ್ಟೋಬರ್, ಶುಕ್ರವಾರ, ಸಂಜೆ ೬

ಎದುರಿಗೆ ಕೂರಿಸಿಕೊಂಡು ಕೇಳಿದೆ. "ಮೆಡಿಸಿನ್ ನಿನಗೆ ಬೇಕಾ? ಅಥವಾ ಬಂದವರಿಗೆ ಬೇಜಾರಾಗಬಾರದು ಅಂತಲಾ?"

"ನಿಜ ಹೇಳ್ಲಾ? ಆದ್ರೆ ನೀವು ಆರ್ಗ್ಯೂ ಮಾಡಬಾರದು."

ಒಪ್ಪಿದೆ.

"ಬೇಡ ಅಪ್ಪಾ." ಕನ್ನಡದಲ್ಲೇ ಹೇಳಿದಳು.

ಒಂದರ ಹಿಂದೆ ಒಂದು ಉತ್ತರಗಳು ನಾಲಿಗೆಯ ತುದಿಗೆ ಬಂದವು. ಉತ್ತಮ ಉತ್ತರಗಳು. ಅನೀಶನ ಹೆಸರೂ ಅವುಗಳಲ್ಲಿತ್ತು, ಅದನ್ನು ಹೇಳಿದ್ದರೆ ಗೆಲ್ಲುತ್ತಿದ್ದೆ. ಹೇಳಲಿಲ್ಲ. ಅರ್ಜಿ ಕಳಿಸಬೇಡ ಎಂದೆ. ನೀರಜಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಹಾಗಾದರೆ ಏನು ಬೇಕು ಎಂದು ಕೇಳಿದೆ. ಗೊತ್ತಿಲ್ಲ ಎಂದಳು. ನಿಜವಾಗಿಯೂ ಗೊತ್ತಿಲ್ಲದವರ ಮುಖ. ಮಗಳ ಆ ಮುಖವನ್ನು ನಾನು ಇದುವರೆಗೆ ನೋಡಿರಲೇ ಇಲ್ಲ.