ಐವತ್ತಾರು ತಿಂಗಳ ಲೆಕ್ಕದಲ್ಲಿ ಬರೆಯದ ಒಂದು ಸಾಲು

ಮಾಳಿಗೆ ಸೌರವಿದ್ಯುತ್ತಿನ ಅಂದಾಜುಪಟ್ಟಿಗೆ ಹೊಣೆಯಾದ ಅಧಿಕಾರಿಗಳಿಗೆ,

ಮಾನ್ಯರೇ,

ನಿಮ್ಮ ಅಂದಾಜು ಸರಿಯಾಗಿದೆ. ಇದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ, ಏಕೆಂದರೆ ತೆಲುಗಿನಲ್ಲೊಂದು, ಇಂಗ್ಲಿಷಿನಲ್ಲೊಂದು ನಾನು ಕಳಿಸಿದ ಎರಡು ದೂರುಗಳಿಗೂ ನಿಮ್ಮ ಕಚೇರಿ ಕೊಟ್ಟ ಉತ್ತರ ಇಷ್ಟೇ: ತಮ್ಮ ಉಳಿತಾಯದ ಅಂದಾಜನ್ನು ಮರುಪರಿಶೀಲಿಸಲಾಗಿದೆ, ಅದು ವಾಸ್ತವ ಉತ್ಪಾದನೆಯೊಂದಿಗೆ ಶೇಕಡಾ ನಾಲ್ಕರ ವ್ಯತ್ಯಾಸದೊಳಗೆ ಹೊಂದುತ್ತದೆ. ಹೊಂದುತ್ತದೆ, ನಿಜ. ಆದರೆ ನಾನು ಕೇಳಿದ್ದು ಅದನ್ನಲ್ಲ. ಮೇ ತಿಂಗಳ ಒಂದು ಹಗಲು, ಮಾಳಿಗೆಯ ಮೇಲೆ ಹೊಸ ಫಲಕಗಳು ಬಿಸಿಲು ಕುಡಿಯುತ್ತಿದ್ದ ಹೊತ್ತಿನಲ್ಲೇ, ಅದರ ಕೆಳಗಿನ ಕೋಣೆಯಲ್ಲಿ ನನ್ನ ಹೆಂಡತಿಯ ಆಮ್ಲಜನಕದ ಯಂತ್ರ ಏಕೆ ನಿಂತುಹೋಯಿತು, ಹಾಗೆ ನಿಲ್ಲುತ್ತದೆಂದು ನೀವು ಏಕೆ ಹೇಳಲಿಲ್ಲ ಎಂದು ಕೇಳಿದ್ದೆ. ಮೂರನೆಯ ಸಲ ಕನ್ನಡದಲ್ಲಿ, ಎಲ್ಲರ ಎದುರು ಕೇಳುತ್ತಿದ್ದೇನೆ. ಕನ್ನಡವೇ ಏಕೆ ಎಂಬುದು ಮುಂದೆ ತಿಳಿಯುತ್ತದೆ.

ನನ್ನ ಹೆಂಡತಿ ಕಮಲಾಕ್ಷಿಗೆ ಎರಡು ವರ್ಷದಿಂದ ಶ್ವಾಸಕೋಶದ ಕಾಯಿಲೆ. ಕೋಣೆಯ ಗಾಳಿಯಿಂದ ಆಮ್ಲಜನಕ ಸೋಸಿ ಕೊಡುವ ಆ ಯಂತ್ರ ದಿನಕ್ಕೆ ಹದಿನಾರು ತಾಸು ಓಡಬೇಕು. ಬಿಲ್ಲು ಏರಿತು. ಮಳೆಗಾಲಕ್ಕೆ ಮುಂಚೆ ಹೈದರಾಬಾದಿನ ನಮ್ಮ ಮೆಹದಿಪಟ್ಟಣಂ ಕಾಲೊನಿಯಲ್ಲಿ ತಂತಿಗೆ ತಾಗುವ ಕೊಂಬೆ ಕಡಿಯಲೆಂದು ಹಗಲುಹೊತ್ತು ಕರೆಂಟ್ ತೆಗೆಯುವುದುಂಟು. ಹಗಲು ಕರೆಂಟ್ ಹೋದರೆ ಸೂರ್ಯನಿದ್ದಾನಲ್ಲ ಎಂಬ ಧೈರ್ಯದಲ್ಲಿ ನಿಮ್ಮ ಜಾಲತಾಣ ತೆರೆದೆ. ಅದು ನನ್ನ ಮಾಳಿಗೆಯ ಅಳತೆ ಕೇಳಿತು, ಹನ್ನೆರಡು ತಿಂಗಳ ಬಿಲ್ಲು ಕೇಳಿತು, ಇದೆಲ್ಲ ನಿಮಗೆ ಏತಕ್ಕೆ ಬೇಕು ಎಂದು ಮಾತ್ರ ಕೇಳಲಿಲ್ಲ. ಮೂರು ಕಿಲೋವ್ಯಾಟಿಗೆ ಎರಡು ಲಕ್ಷದ ನಾಲ್ಕು ಸಾವಿರ, ಸಬ್ಸಿಡಿ ಎಪ್ಪತ್ತೆಂಟು ಸಾವಿರ, ತಿಂಗಳ ಉಳಿತಾಯ ಎರಡು ಸಾವಿರದ ಇನ್ನೂರೈವತ್ತು, ಹಾಕಿದ ಹಣ ಐವತ್ತಾರು ತಿಂಗಳಲ್ಲಿ ವಾಪಸು. ನಾನು ಎಷ್ಟು ಮರ ನೆಟ್ಟಂತಾಯಿತು ಎಂಬುದನ್ನೂ ಚಿತ್ರಸಮೇತ ತೋರಿಸಿತು. ಇಷ್ಟೊಂದು ದೂರದೃಷ್ಟಿಯ ಕಚೇರಿಯನ್ನು ಯಾರು ತಾನೇ ನಂಬುವುದಿಲ್ಲ?

ನನ್ನ ತಪ್ಪನ್ನೂ ಇಲ್ಲೇ ಬರೆದುಬಿಡುತ್ತೇನೆ. ಮನೆಯಲ್ಲಿ ಹಳೆಯ ಇನ್ವರ್ಟರ್ ಇತ್ತು. ಬ್ಯಾಟರಿ ಸೋತಿತ್ತು, ಹೊಸದಕ್ಕೆ ಹದಿನೆಂಟು ಸಾವಿರ. ಸೂರ್ಯನೇ ಬಂದಮೇಲೆ ಬ್ಯಾಟರಿ ಯಾಕೆ ಎಂದು ಹಳೆಯ ಬ್ಯಾಟರಿಯನ್ನು ಗುಜರಿಗೆ ಹಾಕಿ, ಆ ಹದಿನೆಂಟು ಸಾವಿರವನ್ನು ನಿಮ್ಮ ಪಟ್ಟಿಯ ಕೆಳಗೆ ನನ್ನ ಕೈಯಿಂದಲೇ ಉಳಿತಾಯವೆಂದು ಸೇರಿಸಿದೆ. ಐವತ್ತಾರು ತಿಂಗಳು ನಲವತ್ತೆಂಟಕ್ಕೆ ಇಳಿಯಿತು. ಕಮಲಾಕ್ಷಿಗೆ ಓದಿ ಹೇಳಿದಾಗ ನನ್ನ ದನಿಯಲ್ಲಿ ಹೆಮ್ಮೆಯಿತ್ತು.

ಫಲಕ ಕೂರಿಸಲು ಬಂದವನು ಕಾಶಿನಾಥ, ಯಾದಗಿರಿ ಕಡೆಯವನು. ನನ್ನ ಮಾತಿನ ಧಾಟಿ ಹಿಡಿದು ಮೊದಲ ದಿನವೇ ಹಿಂದಿ ಬಿಟ್ಟು ಕನ್ನಡಕ್ಕೆ ಇಳಿದ. ಎರಡನೆಯ ದಿನ ಚಹಾ ಕುಡಿಯಲು ಕೆಳಗೆ ಬಂದವನು ಒಳಗಿನ ಯಂತ್ರದ ಸದ್ದು ಕೇಳಿ ಬಾಗಿಲಲ್ಲೇ ನಿಂತ.

"ಸರ, ಅಮ್ಮಾರ ಮಷಿನ್ ಇದರ ಮ್ಯಾಲೆ ನಡಸ್ತೀನಿ ಅನ್ಬ್ಯಾಡ್ರಿ. ಕರೆಂಟ್ ಹೋತಂದ್ರ ಇದೂ ಹೋಗತೈತಿ. ಬ್ಯಾಟರಿ ಇಟ್ಕೋರಿ."

ಬಿಸಿಲಿದ್ದರೂ ಹೇಗೆ ಹೋಗುತ್ತದೆ ಎಂದು ನಕ್ಕೆ. ಮಾನ್ಯರೇ, ನಾನು ಇಲ್ಲಿನ ಒಂದು ರಕ್ಷಣಾ ಕಾರ್ಖಾನೆಯ ತಪಾಸಣಾ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ಇದ್ದವನು. ಕಾಗದದಲ್ಲಿ ಇಲ್ಲದ್ದು ನನ್ನ ಪಾಲಿಗೆ ಲೋಕದಲ್ಲೇ ಇಲ್ಲ. ನಿಮ್ಮ ಹದಿಮೂರು ಪುಟಗಳನ್ನು ತಂದು, ಇದರೊಳಗೆ ಎಲ್ಲಿ ಬರೆದಿದೆ ತೋರಿಸು ಎಂದೆ.

"ನಾ ಓದಿಲ್ರಿ ಸರ," ಅಂದ. "ಬಿಚ್ಚಿ ಕಟ್ಟೀನಿ, ಅಷ್ಟ."

ಓದಿಲ್ಲ ಎಂದನಲ್ಲ, ಅಲ್ಲಿಗೆ ಅವನ ಮಾತನ್ನು ನಾನು ತಳ್ಳಿಹಾಕಿದೆ. ಎಲ್ಲ ಆಗಿಹೋದಮೇಲೆ ಹುಡುಕಿದಾಗ ಹದಿಮೂರನೆಯ ಪುಟದಲ್ಲಿ, ಮೂರೇ ಮೂರು ಪದಗಳಲ್ಲಿ, ಅದು ಸಿಕ್ಕಿತು: ಆ್ಯಂಟಿ-ಐಲ್ಯಾಂಡಿಂಗ್ ಸುರಕ್ಷತೆ, ಅಳವಡಿಸಲಾಗಿದೆ. ಮುಂದೆ ನನ್ನದೇ ಟಿಕ್ಕು. ಏನೋ ದ್ವೀಪದ ವಿಚಾರವಿರಬೇಕು, ಹೈದರಾಬಾದಿಗೆ ಸಮುದ್ರವೇ ಇಲ್ಲವಲ್ಲ ಎಂದುಕೊಂಡು ಹಾಕಿದ್ದ ಟಿಕ್ಕು ಅದು.

ಮೇ ಹದಿನಾಲ್ಕರಂದು ಹನ್ನೊಂದೂ ಹತ್ತಕ್ಕೆ ಕರೆಂಟ್ ಹೋಯಿತು. ಯಂತ್ರ ಉದ್ದಕ್ಕೆ ಕೂಗಿ ನಿಂತಿತು. ನಾನು ಗಾಬರಿಯಾಗಲಿಲ್ಲ. ಈಗ ಬರುತ್ತದೆ ನೋಡು ಎಂದು ಕಮಲಾಕ್ಷಿಗೆ ಹೇಳಿ ಎದುರಿಗೆ ಕೂತೆ, ಯಾರಿಗೋ ಜಾದೂ ತೋರಿಸುವವನ ಹಾಗೆ. ಬರಲಿಲ್ಲ. ಗೋಡೆಗೆ ಕೂರಿಸಿದ ಸೌರ ಪೆಟ್ಟಿಗೆಯಲ್ಲಿ ಕೆಂಪು ದೀಪ. ಮಾಳಿಗೆಗೆ ಓಡಿ ಫಲಕ ಮುಟ್ಟಿದೆ, ಅಂಗೈ ಸುಟ್ಟಿತು. ಅಷ್ಟು ಬಿಸಿಲಿದ್ದೂ ಕೆಳಗೆ ಫ್ಯಾನು ಕೂಡ ತಿರುಗುತ್ತಿರಲಿಲ್ಲ. ಆಪತ್ತಿಗೆಂದು ಇಟ್ಟ ಸಣ್ಣ ಸಿಲಿಂಡರು ಮುಕ್ಕಾಲು ತಾಸು ಬಂತು. ಅದರ ಮುಳ್ಳು ಇಳಿಯುತ್ತಿದ್ದಂತೆ ಅವಳು ಮಾತು ಕಡಿಮೆ ಮಾಡಿದಳು. ಉಗುರುಗಳು ನೀಲಿಯಾಗತೊಡಗಿದವು. ನಿಮ್ಮ ಸಹಾಯವಾಣಿ ನನಗೆ ಒಂದನ್ನು ಒತ್ತಲು ಹೇಳಿತು, ನಾಲ್ಕನ್ನು ಒತ್ತಲು ಹೇಳಿತು. ಆಂಬುಲೆನ್ಸಿನವರು ಅರ್ಧ ತಾಸು ಎಂದರು.

ಕಾಶಿನಾಥ ಆ ವಾರ ಮೂರು ಮನೆ ಆಚೆ ಇನ್ನೊಂದು ಮಾಳಿಗೆಯ ಮೇಲಿದ್ದ. ಬೀದಿಗೆ ಬಂದು ಕೂಗಿದೆ. ಬಂದವನು ಒಳಗೆ ಒಮ್ಮೆ ನೋಡಿದ. ನಾನು ಹೇಳಿರಲಿಲ್ಲವೇ ಎಂದು ಕೇಳಲಿಲ್ಲ. ಕೇಳಿದ್ದರೆ ನನಗೆ ಇವತ್ತು ಇಷ್ಟು ಕಷ್ಟವಾಗುತ್ತಿರಲಿಲ್ಲವೇನೋ.

"ಹಿಂದಿನ ಗಲ್ಲಿಯೊಳಗ ಕಟಿಂಗ್ ಮಷಿನ್ ನಡಿಯಾಕತ್ತೈತಿ, ಕೇಳ್ರಿ. ಅಲ್ಲಿ ಲೈನ್ ಬ್ಯಾರೆ. ಅಮ್ಮಾರನ್ನ ಕುರ್ಚಿಗೆ ಕೂಡಸ್ರಿ."

ನಾನು ಕಿವಿಗೊಟ್ಟೆ. ಎಲ್ಲೋ ಟೈಲ್ಸ್ ಕೊಯ್ಯುವ ಸದ್ದು. ಅಷ್ಟು ಹೊತ್ತೂ ಅದು ನನ್ನ ಕಿವಿಗೆ ಬೀಳುತ್ತಲೇ ಇತ್ತು, ಅಲ್ಲಿ ಕರೆಂಟ್ ಇದೆ ಎಂದು ಮಾತ್ರ ಹೊಳೆದಿರಲಿಲ್ಲ. ಅವನೂ ಅವನ ಜೊತೆಗಾರ ಬೂದೆಪ್ಪನೂ ಕಮಲಾಕ್ಷಿಯನ್ನು ಪ್ಲಾಸ್ಟಿಕ್ ಕುರ್ಚಿಯ ಸಮೇತ ಎತ್ತಿದರು. ಹದಿನೈದು ಕಿಲೋ ಯಂತ್ರವನ್ನು ನಾನು ಎದೆಗವಚಿಕೊಂಡು ಹಿಂದೆ ಓಡಿದೆ. ಹಿಂದಿನ ಗಲ್ಲಿಯಲ್ಲಿ ರೇಣುಕಾ ಎಂಬವರ ಹೊಲಿಗೆ ಅಂಗಡಿ. ಆಕೆ ಏನೂ ವಿಚಾರಿಸದೆ ತನ್ನ ಇಸ್ತ್ರಿಯ ಪ್ಲಗ್ಗು ಕಿತ್ತರು. ಸಂಜೆ ನಾಲ್ಕರವರೆಗೆ ನನ್ನ ಹೆಂಡತಿ ಬ್ಲೌಸಿನ ಅಳತೆ ಕೊಡಲು ಬಂದವರ ನಡುವೆ ಕೂತು ಉಸಿರಾಡಿದಳು. ಸ್ವಲ್ಪ ಬಣ್ಣ ಬಂದಮೇಲೆ ಅವಳು ಹೇಳಿದ ಮೊದಲ ಮಾತು: "ಕಾಶಿನಾಥಗ ಬ್ಯಾಟರಿ ಎಲ್ಲಿ ಸಿಗತೈತಿ ಕೇಳ್ರಿ. ಈ ಸಲ ಕಾಗದ ತೋರಸ್ಬ್ಯಾಡ್ರಿ."

ಆಮೇಲೆ ನಿಮ್ಮ ಇಂಜಿನಿಯರೊಬ್ಬರು ಸೌಜನ್ಯದಿಂದಲೇ ವಿವರಿಸಿದರು. ಊರಿನ ಲೈನ್ ಬಂದಾದಾಗ ಮನೆಮನೆಯ ಫಲಕಗಳು ಉತ್ಪಾದಿಸುತ್ತಲೇ ಇದ್ದರೆ, ಕಂಬದ ಮೇಲೆ ತಂತಿ ಹಿಡಿದವನು ಸಾಯುತ್ತಾನೆ. ಹಾಗಾಗಿ ಬ್ಯಾಟರಿಯಿಲ್ಲದ ಫಲಕ ತಾನೇ ಆರಬೇಕು; ನಾನು ಟಿಕ್ಕು ಹಾಕಿದ ಆ ದ್ವೀಪದ ಪದದ ಅರ್ಥ ಇದೇ. ಒಪ್ಪಿದೆ. ಆ ಕಂಬದವನ ಜೀವಕ್ಕೆ ನಾನು ಎದುರು ನಿಲ್ಲುವವನಲ್ಲ. ಆದರೆ ಆರುವುದು ನ್ಯಾಯವಾದರೆ ಅದನ್ನು ಮುಚ್ಚಿಡುವುದು ಯಾವ ನ್ಯಾಯ? ಉಳಿತಾಯಕ್ಕೆ ಬೆರಳು ದಪ್ಪದ ಅಕ್ಷರ, ಇದಕ್ಕೆ ಹದಿಮೂರನೆಯ ಪುಟದ ಮೂರು ಪದವೇ? ಹೇಳಿದರೆ ಜನ ಹಿಂಜರಿಯುತ್ತಾರೆ, ಗುರಿ ಮುಟ್ಟುವುದಿಲ್ಲ ಎಂಬ ಭಯವೇ?

ನಾನು ಈ ಊರಿಗೆ ಬಂದದ್ದು ಎಂಬತ್ತೆರಡರಲ್ಲಿ. ಆಗ ಬೇಸಿಗೆಯಲ್ಲಿ ಯಾವ ಬಡಾವಣೆಗೆ ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಕರೆಂಟ್ ಇಲ್ಲ ಎಂಬುದು ಪತ್ರಿಕೆಯಲ್ಲಿ ಅಚ್ಚಾಗುತ್ತಿತ್ತು. ಕಮಲಾಕ್ಷಿ ಅದನ್ನು ಕತ್ತರಿಸಿ ಗೋಡೆಗೆ ಅಂಟಿಸಿ, ಅದಕ್ಕೆ ತಕ್ಕಂತೆ ಹಿಟ್ಟು ರುಬ್ಬುತ್ತಿದ್ದಳು. ಆ ಬಡ ಇಲಾಖೆಯನ್ನು ನಾವು ಬೈದದ್ದು ಕಡಿಮೆಯೇನಲ್ಲ. ಆದರೆ ಅದು ತಾನು ಕೊಡಲಾರದ್ದನ್ನೂ ಬರೆದು ಹೇಳುತ್ತಿತ್ತು.

ಹಳೆಯ ಇನ್ವರ್ಟರಿಗೆ ಹೊಸ ಬ್ಯಾಟರಿ ಆ ಮೇ ಹದಿನಾಲ್ಕರ ಸಂಜೆಯೇ ಬಂತು, ಹದಿನೆಂಟು ಸಾವಿರಕ್ಕೇ. ಲೆಕ್ಕ ಮತ್ತೆ ನಿಮ್ಮ ಐವತ್ತಾರು ತಿಂಗಳಿಗೇ ಬಂದು ನಿಂತಿತು. ಅದನ್ನು ಅವಳಿಗೆ ಹೇಳಬಾರದಿತ್ತು, ಬಾಯಿಗೆ ಬಂದುಬಿಟ್ಟಿತು.

"ಐವತ್ತಾರು ತಿಂಗಳಾ?" ಅಂದಳು, ಮೂಗಿನ ನಳಿಕೆ ಸರಿಪಡಿಸಿಕೊಳ್ಳುತ್ತ. "ಡಾಕ್ಟರ್ ಸೈತ ನನಗ ಅಷ್ಟು ಹೇಳಿಲ್ರಿ."

ಮಾನ್ಯರೇ, ನನಗೆ ಪರಿಹಾರ ಬೇಡ, ವಿಷಾದಪತ್ರವೂ ಬೇಡ. ನಮ್ಮ ಕಾಲೊನಿಯಲ್ಲೇ ಇಂಥ ಆಮ್ಲಜನಕದ ಯಂತ್ರ ಇನ್ನೆರಡು ಮನೆಗಳಲ್ಲಿದೆ. ಅದರಲ್ಲೊಂದು ಮನೆಯವರು ಹೋದ ವಾರ ನಿಮ್ಮ ಅಂದಾಜು ತೆಗೆಸಿದ್ದಾರೆ. ಆ ಪಟ್ಟಿಯಲ್ಲಿ ಉಳಿತಾಯದ ಮೊತ್ತ ಇರುವಲ್ಲೇ, ಅದೇ ಗಾತ್ರದ ಅಕ್ಷರದಲ್ಲಿ, ಬರುವ ಬೇಸಿಗೆಯೊಳಗೆ ಒಂದು ಸಾಲು ಸೇರಿಸಿ: ಕರೆಂಟ್ ಹೋದರೆ ಇದೂ ಹೋಗುತ್ತದೆ, ಬ್ಯಾಟರಿ ಇಟ್ಟುಕೊಳ್ಳಿ. ತೆಲುಗು, ಉರ್ದು, ಇಂಗ್ಲಿಷಿಗೆ ಮಾಡಿಕೊಳ್ಳುವ ತಜ್ಞರು ನಿಮ್ಮಲ್ಲಿದ್ದಾರೆ. ನನಗೆ ಅದನ್ನು ಹೇಳಿದವನು ಹೇಳಿದ್ದು ಕನ್ನಡದಲ್ಲಿ, ಅದಕ್ಕೇ ಈ ಪತ್ರವೂ ಕನ್ನಡದಲ್ಲಿದೆ. ಕರಡು ಸರಿಯಿದೆಯೋ ಇಲ್ಲವೋ ತಿಳಿಯಬೇಕಾದರೆ ಕಾಶಿನಾಥನನ್ನು ಕೇಳಿ. ಯಾವುದಾದರೊಂದು ಮಾಳಿಗೆಯ ಮೇಲೆ ಸಿಗುತ್ತಾನೆ.

ಇಂತಿ,
ಹೆಂಡತಿಯ ಉಸಿರನ್ನು ಎಂಟು ತಿಂಗಳ ಉಳಿತಾಯಕ್ಕೆ ಒತ್ತೆಯಿಟ್ಟಿದ್ದ,
ಬಸವಲಿಂಗಪ್ಪ
ನಿವೃತ್ತ ತಪಾಸಣಾಧಿಕಾರಿ, ಮೆಹದಿಪಟ್ಟಣಂ