ತಾರೀಖಿನ ಕಲ್ಲುಗಳು

ಬಾರ್‌ಸ್ಟೋ, ಕ್ಯಾಲಿಫೋರ್ನಿಯಾ
9 ಮಾರ್ಚ್ 2008, ಭಾನುವಾರ

ಪ್ರೀತಿಯ ಅಕ್ಕಾ,

ಅಮ್ಮ ಹೇಳಿದ್ದೆಂದುಕೊಂಡಿದ್ದ ಒಂದು ಮಾತಿದೆ, ಅಥವಾ ಅದು ಅಮ್ಮನದಲ್ಲ, ನಿನ್ನದೇ ಇರಬೇಕು: ಮರುಭೂಮಿಗೆ ಬಂದವರು ಮೊದಲು ನೆರಳು ಹುಡುಕುತ್ತಾರೆ, ನೆರಳು ಸಿಕ್ಕ ಮೇಲೆ ಹೆಸರು ಬರೆಯಲು ಜಾಗ ಹುಡುಕುತ್ತಾರೆ. ನಿನ್ನೆ ಇಡೀ ದಿನ ಅದು ತಲೆಯಲ್ಲಿ ಸುತ್ತುತ್ತಿತ್ತು. ಹೇಳಿದವರು ಯಾರೆಂದು ಹೊಳೆಯಲಿಲ್ಲ. ದನಿ ಮಾತ್ರ ಅಡುಗೆಮನೆಯ ಕಡೆಯಿಂದ ಬಂದಂತಿತ್ತು. ನಿನ್ನ ಮಂಡಿ ಹೇಗಿದೆ? ಶಸ್ತ್ರಚಿಕಿತ್ಸೆ ಆಯಿತೆಂದು ಕ್ರಿಸ್‌ಮಸ್ ಕಾರ್ಡಿನ ಮೂಲೆಯಲ್ಲಿ ಭಾವ ಒಂದು ಸಾಲು ಬರೆದಿದ್ದರು. ನಿಮ್ಮ ಡುಲೂತ್‌ನಲ್ಲಿ ಸರೋವರದ ಮಂಜುಗಡ್ಡೆ ಇನ್ನೂ ಒಡೆದಿರಲಿಕ್ಕಿಲ್ಲ. ಮಂಜು ಕಟ್ಟಿದ ಮೆಟ್ಟಿಲಿಗೆ ಉಪ್ಪು ಎರಚದೆ ಇಳಿಯಬೇಡ. ನಾನು ಚೆನ್ನಾಗಿದ್ದೇನೆ ಎಂದು ಬರೆಯುವುದು ವಾಡಿಕೆ, ಬರೆದಿದ್ದೇನೆ. ಈಗಲೂ ನೀರಿನ ಮೀಟರ್ ಓದುವ ಕೆಲಸವೇ. ಊರಿನ ಎಲ್ಲ ಮನೆಗಳ ಹಿತ್ತಿಲೂ ನನಗೆ ಗೊತ್ತು, ಒಳಗಿನ ಕೋಣೆ ಒಂದೂ ಗೊತ್ತಿಲ್ಲ.

ನಿನ್ನೆ ಚೆಲೋಳ ಹುಟ್ಟುಹಬ್ಬ. ಅವಳು ನಮ್ಮ ಬೀದಿಯಲ್ಲಿ ಬಟ್ಟೆ ಒಗೆಯುವ ಯಂತ್ರಗಳ ಅಂಗಡಿ ನಡೆಸುತ್ತಾಳೆ. ಒಂಟಿ ಗಂಡಸರೆಲ್ಲ ವಾರಕ್ಕೊಮ್ಮೆ ಅವಳ ಮುಂದೆ ಕುಳಿತು ತಮ್ಮ ಅಂಗಿಗಳು ಸುತ್ತುವುದನ್ನು ನೋಡುತ್ತಾರೆ. ಅಲ್ಲಿಯೇ ಪರಿಚಯವಾದವನು ರೂಫಸ್, ರೈಲ್ವೆಯಿಂದ ನಿವೃತ್ತನಾದವನು. ಸೊಂಟ ಕೆಟ್ಟಿದೆ, ಬಾಯಿ ಕೆಟ್ಟಿಲ್ಲ. ಪ್ರತಿ ಹುಟ್ಟುಹಬ್ಬಕ್ಕೂ ಹಳೆಯ ಹೆದ್ದಾರಿಯ ಬದಿಯಲ್ಲಿರುವ ಹುಚ್ಚಾಟಗಳನ್ನೆಲ್ಲ ಒಂದು ದಿನದಲ್ಲಿ ನೋಡಿ ಬರಬೇಕೆಂಬುದು ಚೆಲೋಳ ಹಠ. ಹೋದ ವರ್ಷದವರೆಗೂ ನೆಪ ಹೇಳಿ ತಪ್ಪಿಸಿಕೊಂಡಿದ್ದೆ. ಈ ಸಲ ಬೆಳಿಗ್ಗೆ ಏಳಕ್ಕೇ ರೂಫಸನ ಕಾರು ಬಾಗಿಲಿಗೆ ಬಂದು ಹಾರ್ನ್ ಹೊಡೆಯಿತು. ‘ಹತ್ತಯ್ಯ ಒಳಗೆ, ಮೀಟರ್‌ಗಳು ಎಲ್ಲೂ ಓಡಿಹೋಗಲ್ಲ’ ಎಂದ. ಹಿಂದಿನ ಸೀಟಿನಲ್ಲಿ ಅವನ ಮುದಿ ನಾಯಿ ಬಿಸ್ಕೆಟ್ ಇತ್ತು. ಅದರ ಪಕ್ಕದಲ್ಲಿ ನಾನು.

ಮೊದಲು ಬಾಟಲಿಗಳ ತೋಪು. ಕಬ್ಬಿಣದ ಕಂಬಗಳಿಗೆ ಕೊಂಬೆಗಳಂತೆ ಸರಳು ಬೆಸೆದು, ಒಂದೊಂದರ ತುದಿಗೂ ಹಸಿರು, ಕಂದು, ನೀಲಿ ಬಾಟಲಿ ಸಿಕ್ಕಿಸಿದ್ದಾರೆ. ಗಾಳಿ ಬಂದರೆ ತೋಪಿಗೆ ತೋಪೇ ಸಣ್ಣಗೆ ಊಳಿಡುತ್ತದೆ. ‘ಇಷ್ಟನ್ನೂ ಕುಡಿದು ಮುಗಿಸಿದ ಪುಣ್ಯಾತ್ಮ ಯಾರು ಅಂತೀನಿ’ ಎಂದು ರೂಫಸ್ ಟೋಪಿ ತೆಗೆದು ನಿಂತ. ಆಮೇಲೆ ಹೊಟ್ಟೆಯೊಳಗೆ ಹೋಟೆಲು ಇರುವ ಸಿಮೆಂಟಿನ ಆಮೆ. ಬಾಲದ ಕಡೆಯಿಂದ ಹೊಕ್ಕು ಕತ್ತಿನ ಬಳಿ ಕುಳಿತು ಮೆಣಸಿನ ಸಾರಿನಲ್ಲಿ ಬೇಯಿಸಿದ ಕೆಂಪು ಕಾಳು, ಚೆರಿ ಹಣ್ಣಿನ ಪೈ ತಿಂದೆವು. ಬಡಿಸುವ ಹೆಂಗಸಿಗೆ ಚೆಲೋ ‘ಇವತ್ತು ನಂಗೆ ಅರವತ್ತು’ ಎಂದಳು. ಆಕೆ ಅಷ್ಟೇ ಗಂಭೀರವಾಗಿ ‘ಆಮೆಗೆ ನಲವತ್ತೆಂಟು ಕಣಮ್ಮ, ನೀನೇ ಗಟ್ಟಿಯಾಗಿದೀಯ’ ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ನನ್ನ ನಗು ಯಾವಾಗಲೂ ಉಳಿದವರದು ಮುಗಿಯುವ ಹೊತ್ತಿಗೆ ಶುರುವಾಗುತ್ತದೆ. ನೀನೇ ಒಮ್ಮೆ ಅಣಕಿಸಿದ್ದೆ. ಹೋಗಿಬರುವವರು ಹಳೆಯ ಜೋಡುಗಳನ್ನು ಎಸೆದು ನೇತುಹಾಕುವ ಚಪ್ಪಲಿ ಮರದ ಬಳಿ ರೂಫಸ್ ತನ್ನ ರೈಲ್ವೆ ಬೂಟುಗಳ ದಾರ ಗಂಟು ಹಾಕಿ ಕೊಂಬೆಗೆ ಎಸೆದ. ನಾಲ್ಕು ಸಲವೂ ಅವು ನಾಯಿಯ ಹತ್ತಿರವೇ ಬಿದ್ದವು. ‘ಮೂವತ್ತು ವರ್ಷ ಕಾಲಿಗೆ ಅಂಟ್ಕೊಂಡಿದ್ವು, ಈಗ್ಲೂ ಬಿಡ್ತಿಲ್ಲ ನೋಡು’ ಎಂದು ಮತ್ತೆ ಕಾರಿಗೆ ಹಾಕಿಕೊಂಡ.

ಹೀಗೆ ಹೋಗುತ್ತ ಕಾರು ಉಪ್ಪಿನ ಕಾರ್ಖಾನೆ ದಾಟಿತು. ಆಗ ನಾನು ಬೆರಳು ಮಡಿಸಿ ಸೇತುವೆಗಳನ್ನು ಎಣಿಸುತ್ತಿದ್ದೆನಂತೆ. ಚೆಲೋ ಆಮೇಲೆ ಹೇಳಿದಳು.

ಆ ರಸ್ತೆಯ ಗುಂಟ ನೆರೆ ತಡೆಯಲು ಹಾಕಿರುವ ಮಣ್ಣಿನ ಏರಿ ನಿನಗೆ ನೆನಪಿರಬೇಕು. ಹೋಗಿಬರುವವರು ಅದರ ಇಳಿಜಾರಿನಲ್ಲಿ ಕಲ್ಲು ಜೋಡಿಸಿ ಹೆಸರು ಬರೆಯುತ್ತಾರೆ, ಮೈಲಿಗಟ್ಟಲೆ. ನಮ್ಮ ಕಡೆಯವರಿಗೆ ಅದರದೊಂದು ಕಟ್ಟಳೆ ಇದೆ, ಯಾರೂ ಎಲ್ಲೂ ಬರೆದಿಟ್ಟದ್ದಲ್ಲ. ಓದಲು ಬರುವ ಹೆಸರಿನ ಒಂದು ಕಲ್ಲನ್ನೂ ಮುಟ್ಟಬಾರದು. ಹೆಸರಿನ ಕೆಳಗಿನ ತಾರೀಖನ್ನು ಮಾತ್ರ ಯಾರು ಬೇಕಾದರೂ ಬಿಚ್ಚಿಕೊಳ್ಳಬಹುದು. ತಾರೀಖು ಯಾರಪ್ಪನದೂ ಅಲ್ಲ ಎನ್ನುತ್ತಾರೆ. ಕಲ್ಲಿಗಾಗಿ ಹಳ್ಳದವರೆಗೂ ಇಳಿಯುವುದು ತಪ್ಪುತ್ತದಲ್ಲ. ಅನುಕೂಲಕ್ಕೆ ಹುಟ್ಟಿದ ಧರ್ಮ. ಪರ ಊರಿನವರಿಗೆ ಇದು ಗೊತ್ತಿಲ್ಲ. ಅವರು ಪಾಪ ಬಿಸಿಲಿನಲ್ಲಿ ಹಳ್ಳಕ್ಕಿಳಿದು ಹೊತ್ತು ತರುತ್ತಾರೆ.

ರೂಫಸ್ ಕಾರು ನಿಲ್ಲಿಸಿದ್ದು ಮೂರನೆಯ ಮರದ ಸೇತುವೆಯ ಬಳಿ. ಬೇರೆಲ್ಲಾದರೂ ನಿಲ್ಲಿಸು ಎನ್ನಬಹುದಿತ್ತು. ಎಂದರೆ ಯಾಕೆ ಎಂದು ಕೇಳುತ್ತಿದ್ದರು. ಒಂಬತ್ತು ವರ್ಷಗಳಲ್ಲಿ ನಾನು ಅಲ್ಲಿ ಒಮ್ಮೆಯೂ ಕಾಲಿಟ್ಟಿಲ್ಲ ಅಕ್ಕಾ. ಅಮ್ಮನ ಬೂದಿ ಬಿಟ್ಟದ್ದು ಅಲ್ಲಿ ಎಂದು ಈ ಊರಿನಲ್ಲಿ ಯಾರಿಗೂ ಹೇಳಿಲ್ಲ. ಬಿರುಗಾಳಿಗೆ ನಿನ್ನ ವಿಮಾನ ನಿಂತಿತ್ತು, ಇನ್ನೆರಡು ದಿನ ಕಾಯಿ ಎಂದು ನೀನು ಹೇಳಿದ್ದೆ. ನಾನು ಒಂದು ದಿನ ಕಾದೆ. ಬೂದಿಯ ಪೆಟ್ಟಿಗೆ ಊಟದ ಮೇಜಿನ ಮೇಲಿತ್ತು. ಅದರ ಎದುರು ಕುಳಿತು ಎರಡನೆಯ ದಿನ ಊಟ ಮಾಡಲು ನನ್ನಿಂದಾಗಲಿಲ್ಲ. ಇದು ಕಾರಣವೇ ಹೊರತು ಸಮರ್ಥನೆಯಲ್ಲ. ಉಪ್ಪಿನ ಕಾರ್ಖಾನೆ ದಾಟಿ ಮೂರನೆಯ ಸೇತುವೆ ಎಂದು ನಿನಗೆ ಚೀಟಿ ಬರೆದೆ. ‘ನನ್ನ ಪಾಲಿನ ಅಮ್ಮನನ್ನೂ ನೀನೇ ಚೆಲ್ಲಿಬಿಟ್ಟೆ’ ಎಂದು ನಿನ್ನ ಉತ್ತರ ಬಂತು. ನಿನ್ನ ಕೈಬರಹ ನಾನು ಕೊನೆಯದಾಗಿ ನೋಡಿದ್ದು ಅಂದೇ.

ಬಿಸ್ಕೆಟ್‌ಗೆ ಇದು ಕೊನೆಯ ವರ್ಷವೆಂದು ವೈದ್ಯರು ಹೇಳಿದ್ದಾರೆ. ಅದರ ಹೆಸರು ಬರೆಯಬೇಕೆಂದು ರೂಫಸ್ ಏರಿಯ ಮೇಲೆ ಕಷ್ಟಪಟ್ಟು ಕುಳಿತ. ‘ಕಲ್ಲು ನೀನು ತಂದ್ಕೊಡೋ, ನನ್ನ ಸೊಂಟ ಇವತ್ತು ರಜಾ ಹಾಕಿದೆ’ ಎಂದ. ನಾನು ಏರಿಯ ನೆತ್ತಿಯ ಕಡೆಯಿಂದ, ತಲೆ ತಗ್ಗಿಸಿಕೊಂಡು, ಹತ್ತಿರದಲ್ಲಿ ಕಂಡ ಒಂದು ತಾರೀಖನ್ನು ಬಿಚ್ಚತೊಡಗಿದೆ. ಕಪ್ಪು ಕಲ್ಲುಗಳು, ಹಿಡಿಗಾತ್ರದವು, ಒಂದೇ ಅಳತೆಯವನ್ನು ಆರಿಸಿದ್ದರು. ಹೀಗೆ ಆರಿಸಿದವರಿಗೆ ಪುರುಸೊತ್ತು ಇತ್ತು ಎಂದುಕೊಂಡೆ. ಇಪ್ಪತ್ತು ಕಲ್ಲು ಕೊಟ್ಟಿರಬೇಕು. ಅಷ್ಟರಲ್ಲಿ ರಸ್ತೆಯಲ್ಲಿ ನಿಂತಿದ್ದ ಚೆಲೋ ಅದರ ಮೇಲಿನ ಹೆಸರುಗಳನ್ನು ಗಟ್ಟಿಯಾಗಿ ಓದಿದಳು. ‘ಮರಿಟ್, ಅಮ್ಮ, ಸೊಳ್ಳೆ. ಅಯ್ಯೋ, ಯಾರಪ್ಪ ಹೆತ್ತ ಮಗೂಗೆ ಸೊಳ್ಳೆ ಅಂತ ಹೆಸರಿಡ್ತಾರೆ!’ ರೂಫಸ್ ತಲೆಯೆತ್ತದೆ ‘ಕಚ್ತಾ ಇದ್ನೇನೋ ಬಿಡು’ ಎಂದ.

ಕೈಯಲ್ಲಿ ಎರಡು ಕಲ್ಲು ಇದ್ದವು. ಕೆಳಗಿಳಿದು ನೋಡಿದೆ. ನಿನ್ನ ಹೆಸರು, ನೀನೊಬ್ಬಳೇ ನನ್ನನ್ನು ಕರೆಯುತ್ತಿದ್ದ ಹೆಸರು, ಅಮ್ಮನ ಎಡಬಲಕ್ಕೆ. ಅದರ ಕೆಳಗೆ ಏಳು ಎಂಬ ಅಂಕಿ ಮಾತ್ರ ಉಳಿದಿತ್ತು. ಅಂದರೆ 2007, ಹೋದ ವರ್ಷ. ದಿನ, ತಿಂಗಳು ಎರಡನ್ನೂ ನಾನು ತೆಗೆದಿದ್ದೆ. ಕಲ್ಲು ಕೂತಿದ್ದ ಗುಳಿಗಳನ್ನಾದರೂ ಓದೋಣವೆಂದರೆ ನಾನೇ ಅವುಗಳ ಮೇಲೆ ಹತ್ತು ಸಲ ಓಡಾಡಿದ್ದೆ. ಎಲ್ಲರ ಹಿತ್ತಿಲಿನ ಅಂಕಿ ಓದಿ ಬದುಕುವವನು, ಇದೊಂದನ್ನು ಓದದೆ ಕಿತ್ತೆ. ಈಗ ನೀನು ಬಂದ ದಿನ ಒಂದು ನಾಯಿಯ ಹೆಸರಿನೊಳಗೆ ಇದೆ. ಮುದುಕ ಅಷ್ಟು ಖುಷಿಯಲ್ಲಿ ನಾಯಿಯನ್ನು ಎತ್ತಿ ಅದರ ಹೆಸರು ತೋರಿಸುತ್ತಿದ್ದ. ಅದನ್ನು ಬಿಚ್ಚು ಎಂದು ಹೇಗೆ ಹೇಳಲಿ? ಬಿಚ್ಚಿದರೂ ಕಲ್ಲುಗಳು ಯಾವ ಅಂಕಿಯಾಗಿದ್ದವೆಂದು ಹೇಳುತ್ತವೆಯೇ? ‘ಯಾಕೋ, ಬಿಸಿಲು ಬಡೀತಾ?’ ಎಂದು ಚೆಲೋ ನೀರಿನ ಬಾಟಲಿ ಕೊಟ್ಟಳು. ಹೌದು ಎಂದೆ. ಎಂಬತ್ತು ಮೈಲಿ ಹಿಂದಿರುಗುವ ದಾರಿಯಲ್ಲಿ ಅವರಿಬ್ಬರೂ ಹಾಡಿದರು. ನಾನು ಕಿಟಕಿಯಿಂದ ಹೆಸರುಗಳನ್ನು ನೋಡುತ್ತಿದ್ದೆ. ಆ ಮಂಡಿಯಲ್ಲಿ ನೀನು ಹಳ್ಳಕ್ಕಿಳಿದು ಅಷ್ಟು ಕಲ್ಲು ಹೊತ್ತೆ, ನಡುವೆ ಅಮ್ಮನನ್ನು ಇಟ್ಟು ನನ್ನನ್ನೂ ಬರೆದೆ. ಅಷ್ಟು ಬರೆದವಳು ನನ್ನ ಮನೆಗೆ ಬರದೆ ಹೋದೆ ಎಂಬುದನ್ನು ನಿನ್ನೆಯಿಂದ ಬೇರೆಬೇರೆ ರೀತಿಯಲ್ಲಿ ಓದುತ್ತಿದ್ದೇನೆ.

ಕಾಯದಿದ್ದದ್ದು ನನ್ನ ತಪ್ಪು. ಇದನ್ನು ಒಂಬತ್ತು ವರ್ಷದ ಹಿಂದೆಯೇ, ಇಷ್ಟೇ ಶಬ್ದಗಳಲ್ಲಿ ಬರೆಯಬೇಕಿತ್ತು. ಭಾವನಿಗೆ ನಮಸ್ಕಾರ ತಿಳಿಸು. ಮಂಡಿಗೆ ಬೆಚ್ಚಗಿನ ಬಟ್ಟೆ ಕಟ್ಟಿಕೋ. ಎಲ್ಲಿದ್ದರೂ ನೀನು ಚೆನ್ನಾಗಿರು.

ನಿನ್ನ ತಮ್ಮ,
ಅರ್ವಿಡ್

ತಾ.ಕ.: ಲಕೋಟೆ ಅಂಟಿಸಿದವನು ಮತ್ತೆ ಬಿಚ್ಚಿದೆ. ನಿನಗೆ ತಿಳಿಸಿರಲಿಲ್ಲ, ಹೋದ ಅಕ್ಟೋಬರ್‌ನಲ್ಲಿ ಹೃದಯದ ತೊಂದರೆಯಾಗಿ ಇಪ್ಪತ್ತೆರಡು ದಿನ ಆಸ್ಪತ್ರೆಯಲ್ಲಿದ್ದೆ. ಮನೆ ಖಾಲಿ ಎಂದು ಕಳ್ಳರಿಗೆ ಗೊತ್ತಾಗಬಾರದೆಂದು ಚೆಲೋ ಮುಂದಿನ ಕೋಣೆಯ ದೀಪವನ್ನೂ ರೇಡಿಯೋವನ್ನೂ ಹಗಲಿರುಳು ಹಾಕಿಟ್ಟಿದ್ದಳು. ರೂಫಸ್ ನನ್ನ ಗಾಡಿಯನ್ನು ಬಾಗಿಲ ಮುಂದೆಯೇ ನಿಲ್ಲಿಸಿದ್ದ. ಹೊರಗೆ ನಿಂತವರಿಗೆ, ಒಳಗೆ ಮನುಷ್ಯನಿದ್ದಾನೆ, ಬೇಕೆಂದೇ ತೆರೆಯುತ್ತಿಲ್ಲ ಎಂದೇ ಅನಿಸಬೇಕು. ನಾನು ಬಿಚ್ಚಿದ ತಿಂಗಳು ಹತ್ತನೆಯದೇ? ನೀನು ಬಾಗಿಲು ತಟ್ಟಿದೆಯಾ, ಅಕ್ಕಾ?